ಮಂಗಳವಾರ ಬೀಳದ ಶೀನಪ್ಪ

ನೆರೆದಿರುವ ಮಹಾಜನಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ನಿಂತು ಬೀಡಿ ಸೇದುವವರೇ, ಸ್ವಲ್ಪ ಇತ್ತ ಕಿವಿ ಕೊಡಿ! ಈ ಪತ್ರ ನಿಮಗಲ್ಲ. ಅಂಗವಿಕಲರಿಗೆ ಪ್ರಮಾಣಪತ್ರ ಕೊಡುವ ವೈದ್ಯರ ಸಮಿತಿಯ ಅಧ್ಯಕ್ಷರಿಗೆ. ಆದರೆ ಅವರು ಕಣ್ಣಾರೆ ಕಾಣದ್ದನ್ನು ನಂಬುವವರಲ್ಲ. ಆದ್ದರಿಂದ ಸಾಕ್ಷಿಗೆ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ಮಾನ್ಯರೇ, ನನ್ನ ನೆರೆಯವ ಶೀನಪ್ಪನಿಗೆ ಮೂರ್ಛೆರೋಗ. ಹಂಚಿನ ಕಾರ್ಖಾನೆಯಲ್ಲಿ ಉರಿಯುವ ಗೂಡಿನ ಬಳಿ ಎರಡು ಸಲ ಬಿದ್ದ. ಮೂರನೆಯ ಸಲ ಬೀಳುವ ಮೊದಲೇ ಧಣಿಗಳು ಮನೆಗೆ ಕಳುಹಿಸಿದರು. ಇನ್ನು ಮಾಸಾಶನವೇ ಗತಿ. ಅದಕ್ಕೆ ತಮ್ಮ ಸಹಿ ಬೇಕು. ತಾವು ಕೂರುವುದು ಮಂಗಳವಾರ, ಹತ್ತರಿಂದ ಹನ್ನೆರಡು. ಐದು ಮಂಗಳವಾರ ಅವನು ತಲೆ ಬಾಚಿ, ಒಗೆದ ಅಂಗಿ ತೊಟ್ಟು ಬಂದ. ಐದು ಸಲವೂ ಅದೇ ಸಂಭಾಷಣೆ.

“ಎಂತ ಮಾರಾಯ, ಗಟ್ಟಿಮುಟ್ಟಾಗಿ ಇದ್ದೀಯಲ್ಲ?”

“ಈಗ ಇಲ್ಲ ಡಾಕ್ಟ್ರೇ. ಬರುವಾಗ ಬರ್ತದೆ.”

“ನಮ್ಮೆದುರು ಬರ್ಲಿ, ಬರೆಯುವ.”

ರೋಗಕ್ಕೆ ಸಮನ್ಸ್ ಕಳುಹಿಸುವ ಅಧಿಕಾರವೂ ತಮಗೆ ಉಂಟೇ? ಅವನು ತಂದ ಹತ್ತು ವರ್ಷಗಳ ಆಸ್ಪತ್ರೆ ಚೀಟಿಗಳೇನು ನಾಟಕದ ಹ್ಯಾಂಡ್‌ಬಿಲ್ಲುಗಳೇ?

ಐದನೆಯ ಮಂಗಳವಾರ, ಹನ್ನೆರಡು ದಾಟಿ ಐದು ನಿಮಿಷಕ್ಕೆ, ತಮ್ಮ ಕಚೇರಿಯ ಮೆಟ್ಟಿಲಿನ ಮೇಲೆಯೇ ಅವನು ಬಿದ್ದ. ಹೆಂಡತಿ ಗುಣವತಿ ತಲೆ ಹಿಡಿದಳು. ತಮ್ಮ ಜವಾನ ಇಸಿದೋರ್ ಓಡಿ ಬಂದ. “ಕೈಗೆ ಕಬ್ಬಿಣ ಕೊಡ್ಬೇಕು ಅಕ್ಕ, ಕಬ್ಬಿಣ!” ಎನ್ನುತ್ತ ಸೊಂಟದ ಬೀಗದ ಕೈಗೊಂಚಲನ್ನೇ ಅವನ ಮುಷ್ಟಿಗೆ ತುರುಕಿದ. ಶೀನಪ್ಪನ ಅರ್ಜಿ ಮಲಗಿರುವ ಕಪಾಟಿನ ಕೀಲಿಯೂ ಅದರಲ್ಲೇ ಇತ್ತು, ಮಾನ್ಯರೇ! ಗುಣವತಿ ಒಳಗೆ ಓಡಿದಳು. “ಈಗ ಬಂದಿದೆ ಡಾಕ್ಟ್ರೇ, ಒಮ್ಮೆ ನೋಡಿ!” ತಾವು ಊಟಕ್ಕೆ ಕೈ ತೊಳೆಯುತ್ತಿದ್ದಿರಿ. “ಸಮಯ ಆಯ್ತಮ್ಮ. ಮುಂದಿನ ವಾರ.”

ನನ್ನದೂ ಒಂದು ತಪ್ಪೊಪ್ಪಿಗೆ ಉಂಟು. ಹಲವು ವರ್ಷ ರಂಗದ ಮೇಲೆ ಮೂರ್ಛೆ ಬಿದ್ದು ಹೆಸರು ಮಾಡಿದವ ನಾನು. ನಾನು ಬಿದ್ದರೆ ಚಪ್ಪಾಳೆ ಸುರತ್ಕಲ್‌ವರೆಗೆ ಕೇಳುತ್ತಿತ್ತು. ಆ ವಿದ್ಯೆ ಕಲಿತದ್ದು ಶೀನಪ್ಪನ ಅಂಗಳದಲ್ಲಿ. ಅವನು ಒದ್ದಾಡುವಾಗ ಬೆರಳು ಹೇಗೆ ಮಡಚಿಕೊಳ್ಳುತ್ತದೆ, ಕಣ್ಣು ಹೇಗೆ ಮೇಲೆ ಹೋಗುತ್ತದೆ ಎಂದು ನೋಡುತ್ತ ನಿಂತಿದ್ದೆ. ನನ್ನ ಸುಳ್ಳಿಗೆ ಶಾಲು, ಹಾರ. ಅವನ ನಿಜಕ್ಕೆ ಮುಂದಿನ ವಾರ. ಸಾಕಾಗಿದೆ, ಮಾನ್ಯರೇ.

ಕೇಳುವುದು ಇಷ್ಟೇ: ಆ ಚೀಟಿಗಳನ್ನು ಓದಿ, ಸಹಿ ಹಾಕಿ. ಮನಸ್ಸಾಗದಿದ್ದರೆ, ನಾಳೆ ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಶೀನಪ್ಪನ ಜೊತೆ ನಾನೂ ಬರುತ್ತೇನೆ. ಅವನು ಬೀಳದಿದ್ದರೆ ತಮ್ಮ ಮೇಜಿನ ಮುಂದೆ ನಾನು ಬೀಳುತ್ತೇನೆ, ಅವನು ಬೀಳುವ ಹಾಗೆಯೇ, ಒಂದು ಬೆರಳೂ ತಪ್ಪದೆ. ಕಣ್ತುಂಬ ನೋಡಿ. ಹೆಸರು ಮಾತ್ರ ಅವನದು ಬರೆಯಿರಿ.

ಇಂತಿ,
ಮೊಣಕಾಲು ಸವೆದರೂ ಇನ್ನೊಮ್ಮೆ ಬೀಳಬಲ್ಲ
ಪಡೀಲಿನ ಹಳೆಯ ನಟ