ಅಪ್ಪನ ಬಿಡುಗಡೆಯ ಕಾಗದ

ಬಿಳಿಮೀನಿನ ಸರೋವರ
ಸೋಮವಾರ, ಮೇ 9, 1836

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೇಂಟ್ ಲೂಯಿಯ ಸೆಕೆಗೆ ನಿನ್ನ ಕೆಮ್ಮು ಇಳಿಯಿತೋ, ಗೋದಾಮಿನ ಧೂಳಿಗೆ ಇನ್ನೂ ಹೆಚ್ಚಿತೋ? ಅಮ್ಮ ದೇವದಾರು ಎಲೆ ಒಣಗಿಸಿ, ಅಲ್ಲಿಗೆ ಹೊರಟಿರುವ ದೋಣಿಗಾರ ಗಾಸ್ಪಾರನ ಕೈಯಲ್ಲಿ ಕಳಿಸಿದ್ದಾಳೆ, ಕುದಿಸಿ ಕುಡಿ. ತೊಗಟೆಯ ಡಬ್ಬಿಯಲ್ಲಿ ಈ ವರ್ಷದ ಮೇಪಲ್ ಸಕ್ಕರೆಯೂ ಇದೆ. ಅದನ್ನು ಜೊತೆಯವರಿಗೆಲ್ಲ ಹಂಚಿ ಖಾಲಿ ಮಾಡಬೇಡ ಎಂದು ಮೂರು ಸಲ ಹೇಳಿ ಬರೆಸುತ್ತಿದ್ದಾಳೆ. ಸರೋವರದ ಹಿಮ ಒಡೆದು ಐದು ದಿನವಾಯಿತು. ನಿನ್ನ ಕಂದು ನಾಯಿ ನಾಲ್ಕು ಮರಿ ಹಾಕಿದೆ. ನಾವೆಲ್ಲ ಬದುಕಿದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ.

ಶರತ್ಕಾಲದಲ್ಲಿ ಬಂದ ನಿನ್ನ ಪತ್ರ ಅಮ್ಮನ ಹೆಸರಿಗಿತ್ತು. ಅದರಲ್ಲಿ ಅಪ್ಪನ ಸುದ್ದಿ ಒಂದಕ್ಷರವೂ ಇರಲಿಲ್ಲ. ಆದರೂ ಅಪ್ಪ ನನ್ನಿಂದ ಅದನ್ನು ಎರಡು ಸಲ ಓದಿಸಿಕೊಂಡ. ಓದಲು ಅವನಿಗೇ ಬರುತ್ತದೆ, ನಮಗೆ ಅಕ್ಷರ ಕಲಿಸಿದವನೇ ಅವನು, ಆದರೂ ನನ್ನ ಬಾಯಲ್ಲಿ ಕೇಳಿದ. ಆಮೇಲೆ ಬಲೆ ನೋಡಿ ಬರುತ್ತೇನೆಂದು ಹೊರಗೆ ಹೋದ. ಅವತ್ತು ಬಲೆ ಹಾಕಿರಲೇ ಇಲ್ಲ, ಅಣ್ಣಾ. ಹೊರಡುವ ದಿನ ನೀನು ಅಪ್ಪನಿಗೆ ಅಂದ ಮಾತು ನಮಗೆ ಯಾರಿಗೂ ಮರೆತಿಲ್ಲ. "ನೀನು ಇನ್ನೊಬ್ಬರ ಆಳಾಗಿದ್ದವನು, ನನ್ನನ್ನೂ ಆಳು ಮಾಡ್ಕೋಬೇಡ" ಅಂದೆಯಲ್ಲ. ನಿನಗೊಂದು ಸ್ವಂತ ವ್ಯಾಪಾರದ ಠಾಣೆ ಕೊಡಲು ಅಪ್ಪ ಇನ್ನೆರಡು ಚಳಿಗಾಲ ಕಾಯಿ ಎಂದದ್ದಕ್ಕೆ ಅಷ್ಟು ದೊಡ್ಡ ಮಾತೇ? ಇರಲಿ, ಜಗಳವಾಡಲು ಈ ಪತ್ರ ಬರೆಯುತ್ತಿಲ್ಲ.

ಮಾರ್ಚ್ ಕೊನೆಯಲ್ಲಿ ಮೇಪಲ್ ಮರಗಳು ರಸ ಬಿಡಲು ಶುರುವಾದಾಗ ಎಂದಿನಂತೆ ಎಲ್ಲರೂ ಬಿಜಿವ್ ಮಾವನ ತೋಪಿನಲ್ಲಿ ಬೀಡು ಬಿಟ್ಟೆವು. ಅಲ್ಲಿಗೆ ದಕ್ಷಿಣದಿಂದ ಟಾಲ್ಬರ್ಟ್ ಎಂಬವನು ಇಬ್ಬರು ಕೂಲಿಯವರ ಜೊತೆ ಬಂದ. ನೀರುನಾಯಿಯ ತೊಗಲು ಕೊಳ್ಳಲು ಬಂದಿದ್ದೇನೆ ಎಂದ. ತುಪ್ಪುಳಕ್ಕೆ ಉಸಿರು ಊದಿ ನೋಡುವ ರೀತಿಯಲ್ಲೇ ಅವನಿಗೆ ಈ ಕಸುಬು ಗೊತ್ತಿಲ್ಲ ಅಂತ ಅಪ್ಪನಿಗೆ ತಿಳಿದಿರಬೇಕು. ಆದರೂ ಅತಿಥಿ ಎಂದು ಸುಮ್ಮನಿದ್ದ. ನಾಲ್ಕು ದಿನ ಅವನು ನಮ್ಮ ಕಾಡಕ್ಕಿ, ನಮ್ಮ ಮೀನು ಉಂಡ. ನನ್ನ ಹತ್ತಿರ ಬಹಳ ಮರ್ಯಾದೆಯಿಂದ ಮಾತಾಡಿದ. "ನಿಮ್ಮಪ್ಪ ಮೂಲದಲ್ಲಿ ಯಾವ ಕಡೆಯವನಮ್ಮ?" ಎಂದು ಕೇಳಿದ. ನಾನು ದಡ್ಡಿ, ಎಲ್ಲ ಹೇಳಿಬಿಟ್ಟೆ. ಅಪ್ಪ ಮ್ಯಾಕಿನಾ ದ್ವೀಪದ ಮುದುಕ ಇಂಗ್ಲಿಷ್ ದೊರೆಯ ಮನೆಯಲ್ಲಿ ದುಡ್ಡಿಗೆ ಕೊಂಡ ಆಳಾಗಿದ್ದದ್ದು, ದೊರೆ ಹಾಸಿಗೆ ಹಿಡಿದಾಗ ಎರಡು ವರ್ಷ ಎತ್ತಿ ಇಳಿಸಿ ನೋಡಿಕೊಂಡದ್ದು, ಸಾಯುವ ಮುಂಚೆ ಅವನು ಬಿಡುಗಡೆ ಬರೆದುಕೊಟ್ಟದ್ದು, ಎಲ್ಲ. ಟಾಲ್ಬರ್ಟ್ ತಲೆ ಅಲ್ಲಾಡಿಸುತ್ತ ಕೇಳಿದ. ತಾನು ಸರಿಯಾದ ಮನುಷ್ಯನ ಹತ್ತಿರವೇ ಬಂದಿದ್ದೇನೋ ಇಲ್ಲವೋ ಎಂದು ನನ್ನ ಬಾಯಿಂದಲೇ ಖಚಿತ ಮಾಡಿಕೊಳ್ಳುತ್ತಿದ್ದ.

ಐದನೇ ದಿನ ಬೆಳಿಗ್ಗೆ, ಎಲ್ಲರೂ ಪಾಕದ ಕಡಾಯಿಗಳ ಸುತ್ತ ಇದ್ದಾಗ, ಕೋಟಿನಿಂದ ಒಂದು ಬರಹ ತೆಗೆದ. ಮುದುಕ ದೊರೆಯ ಆಸ್ತಿಯೆಲ್ಲ ಅವನ ತಮ್ಮನ ಮಗನಿಗೆ ಸೇರಿದೆಯಂತೆ. ಆ ಆಸ್ತಿಯಲ್ಲಿ ಸಿಪ್ರಿಯೆನ್ ಎಂಬ ಕರಿಯ ಆಳೂ ಸೇರಿದ್ದಾನಂತೆ. ಅಪ್ಪ ಅದನ್ನು ನಿಧಾನವಾಗಿ ಕೊನೆತನಕ ಓದಿ, ಮಡಿಸಿ, ವಾಪಸ್ ಕೊಟ್ಟ. "ಬಿಡುಗಡೆ ಕಾಗದ ಇದ್ರೆ ತೋರಿಸು, ಈಗಲೇ ಹೊರಟು ಹೋಗ್ತೀನಿ" ಎಂದ ಟಾಲ್ಬರ್ಟ್. "ಇದೆ. ಇಲ್ಲಿಲ್ಲ" ಎಂದ ಅಪ್ಪ. ಮನೆಯಲ್ಲಿರುವ ತಗಡಿನ ಪೆಟ್ಟಿಗೆ ನಮಗೆಲ್ಲ ಗೊತ್ತಲ್ಲ, ಅಮ್ಮ ಯಾರನ್ನೂ ಕೇಳದೆ ಹಿಮದ ಮೆಟ್ಟು ಕಟ್ಟಿಕೊಂಡು ಓಡಿದಳು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ವಾಪಸ್ ಬಂದಳು. ಪೆಟ್ಟಿಗೆಯಲ್ಲಿ ಗುಂಡಿಗಳೂ ನಿನ್ನ ಹಾಲುಹಲ್ಲೂ ಬಿಟ್ಟರೆ ಏನೂ ಇರಲಿಲ್ಲ. "ಎಲ್ಲಿಟ್ಟಿದ್ದೀಯ, ಮಾರಾಯ?" ಎಂದು ಅಮ್ಮ ಅಪ್ಪನ ಎದೆಗೆ ಗುದ್ದಿದಳು. ಅಮ್ಮನಿಗೆ ಅವನು ಉತ್ತರ ಕೊಡದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾವ ಎಲ್ಲರಿಗೂ ಕೇಳುವ ಹಾಗೆ ನಕ್ಕ. "ಇವನು ಭಾವನ್ನ ತಗೊಂಡು ಹೋಗ್ತಾನಂತೆ! ಒಂದು ಹೊರೆ ತೊಗಲು ಹೊರೋ ಶಕ್ತಿ ಇಲ್ಲ, ಭಾವನ್ನ ಹೆಂಗಪ್ಪ ಹೊರ್ತೀಯ?" ಆಮೇಲೆ ದನಿ ತಗ್ಗಿಸಿ ಅಪ್ಪನಿಗೆ, "ನೀನು ಹ್ಞೂ ಅನ್ನು ಸಾಕು. ಸರೋವರ ದೊಡ್ಡದು, ಹಿಮ ತೆಳ್ಳಗಾಗಿದೆ. ಮೂರು ಜನ ಎಲ್ಲಿ ಹೋದ್ರು ಅಂತ ಮೀನು ಬಾಯಿಬಿಡಲ್ಲ" ಎಂದ. ಅಪ್ಪ ಬೇಡ ಎಂದ. "ಇವರ ಹಿಂದೆ ಸಿಪಾಯಿಗಳು ಬರ್ತಾರೆ. ಅವರು ನನ್ನೊಬ್ಬನ್ನ ಹುಡುಕಲ್ಲ, ನಿನ್ನ ಮಕ್ಕಳ ಗುಡಿಸಲಿಗೂ ಬೆಂಕಿ ಇಡ್ತಾರೆ."

ಅಷ್ಟರಲ್ಲಿ ಕೂಲಿಯವನೊಬ್ಬ ಹಗ್ಗ ಬಿಚ್ಚಿ ಅಪ್ಪನ ಮಣಿಕಟ್ಟು ಹಿಡಿದ. ಅಪ್ಪ ಅಲುಗಾಡಲಿಲ್ಲ. ಅಮ್ಮ ಕಡಾಯಿಗೆ ಮರದ ಸೌಟು ಅದ್ದಿ, ಕುದಿಯುವ ಪಾಕ ತುಂಬಿಕೊಂಡು ಬಂದು ಅವನ ಮುಖದ ಮುಂದೆ ಹಿಡಿದಳು. "ನಾಲ್ಕು ದಿನ ನನ್ನ ಕೈಯಡುಗೆ ತಿಂದೆಯಲ್ಲ, ಇದನ್ನೂ ಕುಡಿ. ಇಲ್ಲಾಂದ್ರೆ ನನ್ನ ಗಂಡನ ಕೈ ಬಿಡು." ಅವಳ ಹಿಂದೆ ಅತ್ತೆ, ಅತ್ತೆಯ ಹಿಂದೆ ಎಲ್ಲ ಹೆಂಗಸರೂ ಸೌಟು ಹಿಡಿದು ನಿಂತರು. ಅವನಿಗೆ ನಮ್ಮ ಮಾತು ಬರದಿದ್ದರೂ ಅರ್ಥವಾಯಿತು. ಕೈ ಬಿಟ್ಟ. ಇನ್ನೊಬ್ಬ ನನ್ನ ಕಡೆ ಬೆರಳು ತೋರಿಸಿ, "ಹಂಗಾದ್ರೆ ಈ ಹುಡುಗಿ?" ಎಂದು ಕೇಳಿದ. ಟಾಲ್ಬರ್ಟ್ ನನ್ನನ್ನು ತೊಗಲು ನೋಡುವ ಹಾಗೆ ನೋಡಿ, "ತಾಯಿ ಇಲ್ಲಿನ ಬುಡಕಟ್ಟಿನವಳು, ಸ್ವತಂತ್ರಳು. ಕಾನೂನಿನ ಪ್ರಕಾರ ಮಕ್ಕಳು ಸಿಗಲ್ಲ" ಎಂದ. ಒಂದು ಗಳಿಗೆ ಬಿಟ್ಟು, "ಕೆಳಗಿನ ಊರುಗಳಲ್ಲಾದ್ರೆ ಮುಖ ನೋಡ್ತಾರೆ ಅಷ್ಟೆ, ತಾಯಿ ಯಾರು ಅಂತ ಯಾರು ಕೇಳ್ತಾರೆ?" ಎಂದು ನಕ್ಕ. ನೀನಿರುವುದೂ ಅಂಥದೇ ಊರಲ್ಲವೇ, ಅಣ್ಣಾ?

ಜುಲೈ ಹತ್ತರೊಳಗೆ ಅಪ್ಪ ಕಾಗದ ತಂದು ಸಿಪಾಯಿಗಳ ಕೋಟೆಯ ಅಧಿಕಾರಿಗೆ ತೋರಿಸಬೇಕು, ಇಲ್ಲದಿದ್ದರೆ ಸಿಪಾಯಿಗಳನ್ನು ಕರೆತರುತ್ತೇನೆ ಎಂದು ಹೇಳಿ ಟಾಲ್ಬರ್ಟ್ ಹೊರಟ. ಬರುತ್ತೇನೆ ಎಂದು ಅಪ್ಪ ಮಾತು ಕೊಟ್ಟ. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಅಮ್ಮ ದಿನಾ ಕೇಳುತ್ತಾಳೆ. ಅವನು ದಿನಾ ದೋಣಿಗೆ ಅಂಟು ಮೆತ್ತುತ್ತ ಕೂರುತ್ತಾನೆ. ಹತ್ತು ದಿನ ಹುಟ್ಟು ಹಾಕಿದರೆ ಬ್ರಿಟಿಷರ ನೆಲ ಸಿಗುತ್ತದೆ, ಅಲ್ಲಿ ಮನುಷ್ಯರನ್ನು ಮಾರುವ ಹಾಗಿಲ್ಲ, ಅಲ್ಲಿಗೆ ಹೋಗಿಬಿಡೋಣ ಅಂತ ನಾನೇ ಅತ್ತು ಕೇಳಿದೆ. ಅಪ್ಪ, "ನಾವು ಹೋದ ಮೇಲೆ ಅವನು ಬಂದ್ರೆ? ಮನೆ ಎಲ್ಲಿ ಅಂತ ಹುಡುಕ್ತಾನೆ?" ಎಂದ. ಅವನು ಅಂದರೆ ಯಾರು ಎಂದು ನಾನು ಕೇಳಲಿಲ್ಲ.

ಅಣ್ಣಾ, ನಿನಗೆ ಗುಮಾಸ್ತರ ಪರಿಚಯವಿದೆ. ಆ ಬರಹದ ನಕಲು ಮ್ಯಾಕಿನಾದ ಚರ್ಚಿನಲ್ಲೋ ಬೇರೆಲ್ಲೋ ಇರಬಹುದೇ ಎಂದು ವಿಚಾರಿಸು. ಸಂಜೆ ಒಬ್ಬನೇ ತಿರುಗಾಡಬೇಡ. ಅಮ್ಮ ನಿನ್ನ ಹಣೆ ಮುಟ್ಟಿ ಹರಸಿದ್ದಾಳೆ. ಮಾವ ನಿನಗಾಗಿ ಒಂದು ಹೊಸ ಹುಟ್ಟು ಕೆತ್ತಿಟ್ಟಿದ್ದಾನೆ. ಅಪ್ಪ ಏನೂ ಹೇಳಿಲ್ಲ, ಆದರೆ ನಾನು ಬರೆಯುವಷ್ಟು ಹೊತ್ತೂ ಬಾಗಿಲ ಹತ್ತಿರವೇ ಏನೋ ಕೆಲಸ ಮಾಡಿಕೊಂಡಿದ್ದ.

ನಿನ್ನ ತಂಗಿ,
ಪೆಲಾಜಿ

ಮರೆತ ಮಾತಲ್ಲ, ಈಗ ತಾನೇ ತಿಳಿದ ಮಾತು: ಗಾಸ್ಪಾರ್ ಚಳಿಗಾಲವೆಲ್ಲ ಮೇಲಿನ ಠಾಣೆಯಲ್ಲಿದ್ದು ನಿನ್ನೆಯಷ್ಟೇ ಬಂದವನು, ಅವನಿಗೆ ಇದೊಂದೂ ಗೊತ್ತಿರಲಿಲ್ಲ. ದೋಣಿಯ ಹತ್ತಿರ ಈಗ ಹೇಳಿದೆ. ಅವನು ಹೊರೆ ಕೆಳಗಿಟ್ಟು ಬಾಯಿ ತೆರೆದು ನಿಂತ. "ಆ ಕಾಗದವಾ? ಹೋದ ವರ್ಷ ನಿಮ್ಮಣ್ಣ ಜಗಳ ಆಡ್ಕೊಂಡು ಮುಖ ಊದಿಸ್ಕೊಂಡು ಕೂತಿದ್ನಲ್ಲ, ಆಗ ನಿಮ್ಮಪ್ಪ ಅವನ ಕೋಟು ತಗೊಂಡು ಮರದ ಹಿಂದೆ ಕೂತು ಒಳಗೆ ಹೊಲೀತಿದ್ದ. ಬೆರಳೆಲ್ಲ ಚುಚ್ಚಿಕೊಂಡಿದ್ದ. 'ಅದರಲ್ಲಿ ಹೆಸರಷ್ಟೇ ಇದೆ, ವಯಸ್ಸಿಲ್ಲ, ಇವನ ಹೆಸರೂ ಸಿಪ್ರಿಯೆನ್ನೇ, ಆ ಊರಲ್ಲಿ ನನಗಿಂತ ಇವನಿಗೇ ಬೇಕಾಗುತ್ತೆ, ಯಾರಿಗೂ ಹೇಳಬೇಡ' ಅಂದ." ತಿಳಿದರೆ ನಾವು ನಿನ್ನಿಂದ ಅದನ್ನು ತರಿಸಿಕೊಳ್ಳುತ್ತೇವೆ, ನೀನು ಬರಿಗೈಯಾಗುತ್ತೀಯ ಅಂತಲೇ ಅಪ್ಪ ಬಾಯಿ ಬಿಡಲಿಲ್ಲ. ನನಗೆ ಗೊತ್ತಾಗಿದೆ ಎಂದು ಈಗಲೂ ಅವನಿಗೆ ಹೇಳಿಲ್ಲ, ಹೇಳಿದರೆ ಈ ಪತ್ರ ಹೋಗಲು ಬಿಡುವುದಿಲ್ಲ. ಕಾಗದವನ್ನು ಯಾರ ಕೈಯಲ್ಲೂ ಕಳಿಸಬೇಡ, ಅದಿಲ್ಲದೆ ನೀನು ಅಲ್ಲಿ ಒಂದು ದಿನವೂ ಇರಬೇಡ. ಕೋಟು ತೊಟ್ಟುಕೊಂಡು ನೀನೇ ಬಾ. ಜುಲೈ ಹತ್ತರೊಳಗೆ, ನೇರ ಕೋಟೆಗೆ. ದಾರಿಯಲ್ಲಿ ಯಾರಾದರೂ ತಡೆದರೆ ಮಾತ್ರ ಬಿಚ್ಚು. ಎಡಗಡೆ ಒಳಪದರಿನಲ್ಲಿ, ಹೊಲಿಗೆ ಸೊಟ್ಟಗಿರುವ ಕಡೆ.