ವಿಕೆಟ್ ಬೀಳದ ಒಂದು ಓವರ್

ಕೋಲಾರ, ೨೨೧೮ನೇ ಇಸವಿ, ಫೆಬ್ರವರಿ ಮೂವತ್ತು

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕಿದ ದಿನಗಳು ವರ್ಷದ ಕೊನೆಗೆ ರಜೆ. ನನ್ನ ಮಾತಿನಲ್ಲಿ ವಿಚಿತ್ರವಾದ ಪದ ಬಂದರೆ ಮನ್ನಿಸಿ. ನಾನು ದಾಕ್ಷಾಯಿಣಿ, ಇಲ್ಲಿನ ಮೈದಾನದಲ್ಲಿ ಮಕ್ಕಳಿಗೆ ಸ್ಪಿನ್ ಕಲಿಸುವವಳು. ವಯಸ್ಸಾಗಿದೆ, ಬಾಯಿ ಮಾತ್ರ ಇನ್ನೂ ಜೋರು.

ನಮ್ಮಲ್ಲಿ ‘ಮರುಎಸೆತ’ ಎಂಬ ಯಂತ್ರವಿದೆ. ನಿಮ್ಮ ಕಾಲದ ಬೌಲರುಗಳು ಹಾಕಿದ ಚೆಂಡನ್ನು ಅದೇ ವೇಗ, ಅದೇ ತಿರುವಿನಲ್ಲಿ ಮತ್ತೆ ಹಾಕುತ್ತದೆ. ಪ್ರತಿ ಯುಗಾದಿಗೆ ಒಂದೊಂದು ಊರಿನ ಮೈದಾನವೂ ಒಬ್ಬ ಹಳೆಯ ಸ್ಪಿನ್ನರನ್ನು ಗುರುವಾಗಿ ಆರಿಸಿಕೊಳ್ಳಬೇಕು. ವರ್ಷವಿಡೀ ಮಕ್ಕಳು ಅವರ ಚೆಂಡನ್ನೇ ಆಡಿ ಕಲಿಯುತ್ತಾರೆ. ಆಯ್ಕೆಯ ಸಮಯದಲ್ಲಿ ನಮ್ಮೂರಲ್ಲಿ ಬೀಗರು ಬೀಗರೇ ಮಾತು ಬಿಡುತ್ತಾರೆ. ವಾರ್ನ್ ಪಕ್ಷದವರು, ಲೆಗ್ ಸ್ಟಂಪಿನಾಚೆ ಬಿದ್ದು ಆಫ್ ಸ್ಟಂಪಿಗೆ ಬಡಿದ ಆ ಚೆಂಡಿನ ಚಿತ್ರವನ್ನು ದೇವರ ಪಟದ ಪಕ್ಕ ತೂಗುಹಾಕಿದ್ದಾರೆ. ಮುರಳೀಧರನ್ ಪಕ್ಷದವರು ‘ಎಂಟುನೂರು ವಿಕೆಟ್’ ಎಂದಷ್ಟೇ ಹೇಳಿ ಕಾಫಿ ಹೀರುತ್ತಾರೆ. ಪೋಲಿಯೊ ತಾಗಿದ ಕೈಯಿಂದಲೇ ಘಟಾನುಘಟಿಗಳನ್ನು ಉರುಳಿಸಿದ ಚಂದ್ರಶೇಖರ್ ಅವರನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಎಂಥೆಂಥವರನ್ನು ಕಂಡಿರಪ್ಪ ನೀವು. ನಿಮ್ಮ ಪುಣ್ಯ ದೊಡ್ಡದು.

ನನ್ನ ಪಕ್ಷ ಕುಂಬ್ಳೆಯವರದು. ಮೂರು ವರ್ಷ ಯಾವ ಊರೂ ಆರಿಸದ ಬೌಲರನ್ನು ಯಂತ್ರದಿಂದ ತೆಗೆದುಹಾಕುವುದು ನಮ್ಮ ನಿಯಮ. ಅವರಿಗಿದು ಮೂರನೆಯದು. ಬೇರೆ ಊರುಗಳ ಆಯ್ಕೆ ಮುಗಿದಿದೆ. ಬರುವ ಭಾನುವಾರ ನಮ್ಮ ಸಭೆ. ನಾವೂ ಕೈಬಿಟ್ಟರೆ, ದವಡೆ ಮುರಿದರೂ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗಿಗೆ ಇಳಿದ ಆ ಮನುಷ್ಯರ ಚೆಂಡನ್ನು ಇನ್ನು ಯಾವ ಮಗುವೂ ಆಡುವುದಿಲ್ಲ.

ಮೊನ್ನೆ ನನ್ನ ಮೊಮ್ಮಗಳು ಇಂಚರ ಯಂತ್ರದೆದುರು ಕುಂಬ್ಳೆಯವರ ಎಸೆತಗಳನ್ನು ಆಡಿದಳು. ಅವಳು ನಮ್ಮೂರ ತಂಡದ ನಾಯಕಿ, ಸಭೆಯಲ್ಲಿ ಅವಳ ಮಾತಿಗೆ ತೂಕವಿದೆ. ದೆಹಲಿಯಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಕಿತ್ತ ಚೆಂಡುಗಳನ್ನು ಆರಾಮಾಗಿ ಆಡಿ ಮುಗಿಸಿ, ‘ಏನಜ್ಜಿ ಇದು, ತಿರುಗೋದೇ ಇಲ್ವಲ್ಲ. ಇಂಥದಕ್ಕೆಲ್ಲ ಔಟಾಗೋರಾ?’ ಅಂದಳು. ನನಗೆ ಪಿತ್ತ ನೆತ್ತಿಗೇರಿತು. ‘ಪ್ಯಾಡ್ ಬಿಚ್ಬೇಡ, ನಿಂತ್ಕೊ’ ಎಂದು ನಾನೇ ಚೆಂಡು ಹಿಡಿದೆ. ಒಂದೇ ಜಾಗ, ಒಂದೇ ವೇಗ, ಎಸೆತದ ಮೇಲೆ ಎಸೆತ. ಕೈ ಬೀಸಲು ಎಡೆ ಕೊಡಲಿಲ್ಲ. ತಡೆದು ತಡೆದು ಅವಳಿಗೆ ಬೇಸರ ಬಂತು, ಹೊಡೆದೇಬಿಡುತ್ತೇನೆಂದು ಮುಂಗಾಲು ಚಾಚಿದಳು. ಆಗ ಅದೇ ಜಾಗಕ್ಕೆ ಕೊಂಚ ಬೇಗ ಒಂದನ್ನು ಬಿಟ್ಟೆ. ಸ್ಟಂಪಿನ ಎದುರೇ ಪ್ಯಾಡಿಗೆ ಬಡಿಯಿತು. ಇಂಚರ ಬಗ್ಗಿ ಚೆಂಡನ್ನು ಎತ್ತಿಕೊಟ್ಟಳು. ಆಮೇಲೆ, ‘ನನ್ನ ಔಟ್ ಮಾಡಿದ್ದು ಈ ಬಾಲ್ ಅಲ್ಲ ಅಜ್ಜಿ, ಇದಕ್ಕೆ ಮುಂಚಿನವು’ ಅಂದಳು.

ನಮ್ಮವರ ದಡ್ಡತನ ಆಗ ಹೊಳೆಯಿತು. ಯಂತ್ರ ಕಟ್ಟಿದ ನಮ್ಮ ತಾತಂದಿರು ಜಾಗ ಉಳಿಸಲು ವಿಕೆಟ್ ಬಿದ್ದ ಚೆಂಡುಗಳನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದೆಲ್ಲವನ್ನೂ ಅಳಿಸಿಬಿಟ್ಟಿದ್ದಾರೆ. ಒಗ್ಗರಣೆ ಇಟ್ಟುಕೊಂಡು ಸಾರು ಚೆಲ್ಲಿದ ಹಾಗೆ. ಭಾರಿ ತಿರುವಿನವರು ಒಂದು ಚೆಂಡಿನಲ್ಲೂ ಮೆರೆಯುತ್ತಾರೆ. ಕುಂಬ್ಳೆಯವರದು ಸತಾಯಿಸಿ ಸತಾಯಿಸಿ ಕೆಡಹುವ ವಿದ್ಯೆ. ಅದು ಒಂದು ಚೆಂಡಿನಲ್ಲಿ ಕಾಣುವಂಥದ್ದಲ್ಲ. ಯಾರು ದೊಡ್ಡವರೆಂದು ಇಷ್ಟು ವರ್ಷ ಜಗಳವಾಡಿದ ನಾವು ಯಾರ ಬೌಲಿಂಗನ್ನೂ ಪೂರ್ತಿ ನೋಡಿಯೇ ಇರಲಿಲ್ಲ. ಇದನ್ನು ಮೈದಾನದ ಕಾರ್ಯದರ್ಶಿ ಬೈಯಣ್ಣನಿಗೆ ಹೇಳಿದರೆ, ‘ನೀವು ಹಾಕಿದ್ದು ನಿಮ್ಮ ಬಾಲು ಕಣಮ್ಮ. ಅವರದನ್ನ ತೋರ್ಸಿ, ಸಭೇಲಿ ಅವರ ಪರ ನಾನೇ ಕೈ ಎತ್ತೀನಿ’ ಎನ್ನುತ್ತಾನೆ. ಎಲ್ಲಿಂದ ತೋರಿಸಲಿ?

ಅದಕ್ಕೇ ಈ ಪತ್ರ. ನಿಮ್ಮ ಮನೆಗಳಲ್ಲಿ ಹಳೆಯ ಪಂದ್ಯಗಳು ಪೂರ್ತಿಯಾಗಿ ಇರಬಹುದು. ದಯವಿಟ್ಟು ಅಳಿಸಬೇಡಿ. ರನ್ನೂ ಬರದ, ವಿಕೆಟ್ಟೂ ಬೀಳದ, ‘ಏನೂ ಆಗ್ತಿಲ್ಲ’ ಎಂದು ನೀವು ಕಾಫಿಗೆ ಎದ್ದುಹೋದ ಕುಂಬ್ಳೆಯವರ ಒಂದು ಓವರ್ ಇದ್ದರೆ ಸಾಕು. ನಿಮ್ಮ ಮಕ್ಕಳ ಕೈಗೆ ಕೊಡಿ, ಅವರು ತಮ್ಮ ಮಕ್ಕಳಿಗೆ ಕೊಡಲಿ, ಕೋಲಾರದ ಮೈದಾನಕ್ಕೆ ತಲುಪಿಸಲು ಹೇಳಿ. ನೀವು ಇವತ್ತು ಉಳಿಸಿದರೆ ಭಾನುವಾರದ ಹೊತ್ತಿಗೆ ಅದು ಇಲ್ಲಿರುತ್ತದೆ. ಸಭೆಗೆ ಮುಂಚೆ ಇಂಚರ ಪ್ಯಾಡ್ ಕಟ್ಟಿಕೊಂಡು ಯಂತ್ರದೆದುರು ನಿಂತಿರುತ್ತಾಳೆ. ಔಟಾಗದೆ ಆ ಆರು ಚೆಂಡು ಆಡಬೇಕಂತೆ ಅವಳಿಗೆ.