ಗಿಲಕಿಯ ಸೀಟು

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಆಸ್ಪತ್ರೆ ಲಾಂಡ್ರಿಯಲ್ಲಿ ಇನ್ನೂ ನಿನ್ನನ್ನ ಒದ್ದೆ ಬೆಡ್‌ಶೀಟು ಎತ್ತೋ ಕೆಲಸಕ್ಕೇ ಹಾಕ್ತಿದ್ದಾರಾ, ಇಲ್ಲ ಇಸ್ತ್ರಿ ಕಡೆಗೆ ಬದಲಾಯಿಸಿದರಾ? ಈ ಚಳಿಗೆ ನಿನ್ನ ಎಡಗೈ ಮಣಿಕಟ್ಟು ನೋಯ್ತಿರುತ್ತೆ ಅಂತ ಗೊತ್ತು. ರಾತ್ರಿ ಬಿಸಿನೀರಲ್ಲಿ ಅದ್ದಿಕೊಂಡು ಮಲಗು, ಸೋಮಾರಿತನ ಮಾಡಬೇಡ. ನಾನು ಗುಂಡುಕಲ್ಲಿನ ಹಾಗಿದ್ದೀನಿ. ಮಂಡಿ ಮಾತ್ರ ಹೇಳಿದ ಮಾತು ಕೇಳಲ್ಲ. ಕ್ಲಚ್ ಒತ್ತಿದಾಗಲೆಲ್ಲ ನಾನೂ ಅಯ್ಯೋ ಅಂತೀನಿ, ಬಸ್ಸೂ ಅಯ್ಯೋ ಅನ್ನುತ್ತೆ, ಹೇಗೋ ಇಬ್ಬರೂ ಸೇರಿ ದಿನಾ ಮೂವತ್ತು ಮಕ್ಕಳನ್ನ ಸ್ಕೂಲು ಮುಟ್ಟಿಸ್ತಿದ್ದೀವಿ. ಈ ವಿಷಯ ಫೋನಲ್ಲೇ ಹೇಳೋಣ ಅಂತ ಮೂರು ಸಲ ಮಾಡಿದೆ. ನಿನ್ನ ದನಿ ಕೇಳಿದ ಕೂಡಲೇ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಕಾಗದ.

ನಿನ್ನ ಮಗನ ವಿಷಯ. ಗಾಬರಿ ಬೀಳಬೇಡ, ಅವನಿಗೆ ಏನೂ ಆಗಿಲ್ಲ. ಅವನು ಮಾಡಿದ್ದನ್ನ ಹೇಳಬೇಕು. ನಮ್ಮ ದೊರೆ ನನ್ನ ಬಸ್ಸಲ್ಲೇ ಸ್ಕೂಲಿಗೆ ಹೋಗ್ತಾನಲ್ಲ, ಅದೇ ಬಸ್ಸಿಗೆ ಮೂರನೇ ಸ್ಟಾಪಲ್ಲಿ ಒಬ್ಬಳು ಹುಡುಗಿ ಹತ್ತುತ್ತಾಳೆ. ಅವನದೇ ಕ್ಲಾಸು. ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಸ್ಕೂಲು ಬರೋವರೆಗೂ ಮಾತು, ನಗು. ಅದಕ್ಕೇ ಗಿಲಕಿ ಅಂತ ಹೆಸರಿಟ್ಟಿದ್ದೆ. ಸ್ಕೂಲು ಶುರುವಾದ ಹೊಸದರಲ್ಲಿ ಇಬ್ಬರಿಗೂ ಸ್ನೇಹ ಆಯ್ತು. ಇವನು ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಅವಳಿಗೆ ಜಾಗ ಹಿಡೀತಿದ್ದ. ನನಗೆ ಖುಷಿಯಾಗಿತ್ತು ಪುಟ್ಟೀ, ಸುಳ್ಳು ಯಾಕೆ ಹೇಳಲಿ. ಮೂತಿ ಉದ್ದ ಮಾಡ್ಕೊಂಡು ಕೂರೋ ಹುಡುಗ ನಗೋದನ್ನ ಕನ್ನಡಿಯಲ್ಲಿ ನೋಡ್ತಾ ಬಸ್ಸು ಓಡಿಸ್ತಿದ್ದೆ. ಎರಡು ತಿಂಗಳಾದ ಮೇಲೆ ಅವಳು ಒಂದೊಂದು ದಿನ ಮುಂದಿನ ಸಾಲಲ್ಲಿ ಹುಡುಗಿಯರ ಜೊತೆ ಕೂರೋಕೆ ಹೋಗ್ತಿದ್ದಳು. ಮಕ್ಕಳ ಮುನಿಸು, ಇದ್ದದ್ದೇ ಅಂದ್ಕೊಂಡೆ. ನಿನ್ನ ಅಪ್ಪನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿರುತ್ತಾ? ಗಿಲಕೀ, ನಿನ್ನ ಸೀಟು ಅಲ್ಲಿದೆ ಕಣಮ್ಮಾ, ನೀನು ಅಲ್ಲಿ ಕೂರದೆ ಈ ಬಸ್ಸು ಕದಲೋದಿಲ್ಲ ಅಂತ ಕೂಗ್ತಿದ್ದೆ. ಇಡೀ ಬಸ್ಸು ಗೊಳ್ಳಂತ ನಗ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ಹೋಗಿ ಅವನ ಪಕ್ಕ ಕೂರ್ತಿದ್ದಳು. ಆಮೇಲೆ ಗೇರ್ ಹಾಕ್ತಿದ್ದೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಅವಳ ಮಾತು ಯಾವಾಗ ನಿಂತಿತು ಅಂತ ಕೂಡ ನಾನು ಗಮನಿಸಲಿಲ್ಲ.

ಗುರುವಾರ ಬೆಳಿಗ್ಗೆ ಕನ್ನಡಿಯಲ್ಲಿ ಕಣ್ಣಾರೆ ನೋಡಿದೆ. ಅವಳು ಎದ್ದು ಮುಂದೆ ಬರೋಕೆ ಹೊರಟಳು. ಇವನು ಮಣಿಕಟ್ಟು ಹಿಡಿದು ತಿರುಚಿ ಕೆಳಗೆ ಎಳೆದು ಕೂರಿಸಿದ. ಅವಳು ಕಿರುಚಲಿಲ್ಲ, ಅಳಲಿಲ್ಲ. ಹೀಗೆ ಮಾಡಿಸಿಕೊಂಡು ಅಭ್ಯಾಸ ಆದವಳ ಹಾಗೆ ಕೂತು, ತಲೆ ಎತ್ತಿ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಬಸ್ಸು ಪಕ್ಕಕ್ಕೆ ಹಾಕಿ, ಇಳಿಯೋ ಕೆಳಗೆ ಅಂದೆ. ಅವನು ಹುಟ್ಟಿದಾಗಿನಿಂದ ಅವನ ಮೇಲೆ ದನಿ ಎತ್ತಿದವನಲ್ಲ ನಾನು. ಇಳಿದ. ಅವನನ್ನ ಅಲ್ಲೇ ಬಿಟ್ಟು ಬಂದೆ. ಹೆಗಲಿಗೆ ಬ್ಯಾಗ್ ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದ, ತಿರುವು ಬರೋವರೆಗೂ ಕಾಣ್ತಿದ್ದ. ಸ್ಕೂಲಲ್ಲಿ ಎಲ್ಲ ಮಕ್ಕಳೂ ಇಳಿದ ಮೇಲೂ ಹುಡುಗಿ ಕೂತೇ ಇದ್ದಳು. ಹತ್ತಿರ ಹೋಗಿ, ನನಗೆ ಮೊದಲೇ ಯಾಕಮ್ಮಾ ಹೇಳಲಿಲ್ಲ ಅಂತ ಕೇಳಿದೆ. ಅವಳು ಸಿಟ್ಟು ಕೂಡ ಮಾಡಿಕೊಳ್ಳಲಿಲ್ಲ ಪುಟ್ಟೀ. ನೀವೇ ಅಲ್ವಾ ತಾತಾ, ನಾನು ಅವನ ಪಕ್ಕ ಕೂರೋವರೆಗೂ ಬಸ್ಸು ಬಿಡದೇ ಇದ್ದಿದ್ದು ಅಂದಳು.

ಅವಳನ್ನ ಕರ್ಕೊಂಡು ನೇರ ಸ್ಕೂಲಿನ ಕೌನ್ಸೆಲರ್ ಮೇಡಂ ಹತ್ತಿರ ಹೋದೆ. ಅಲ್ಲಿ ಒಂದೊಂದೇ ಹೊರಗೆ ಬಂತು. ಯಾರ ಜೊತೆ ಇದ್ದೀಯ ಅಂತ ಅವಳು ಇವನಿಗೆ ಗಂಟೆಗೊಂದು ಫೋಟೋ ಕಳಿಸಬೇಕಂತೆ. ಅವಳ ಫೋನಿಂದ ಗೆಳತಿಯರ ನಂಬರೆಲ್ಲ ಇವನೇ ಅಳಿಸಿದ್ದಾನಂತೆ. ಇವನಿಗೆ ಒಂದು ವಾರ ಸ್ಕೂಲಿಗೆ ಬರಬೇಡ ಅಂದಿದ್ದಾರೆ. ನಾನು ಅವನ ಕಿವಿ ಹಿಂಡಿ ಕರ್ಕೊಂಡು ಬಂದು ಕ್ಷಮೆ ಕೇಳಿಸ್ತೀನಿ ಅಂದೆ. ಮೇಡಂ ಬೇಡ ಅಂದರು. ಅವಳಿಗೆ ಅವನ ಮುಖ ನೋಡೋದು ಬೇಕಿಲ್ಲ, ನಿಮ್ಮ ಸಮಾಧಾನಕ್ಕೆ ಅವಳನ್ನ ಮತ್ತೆ ಅವನ ಮುಂದೆ ಕೂರಿಸಬೇಡಿ ಅಂದರು. ಆ ಮಾತು ಚುರುಕ್ ಅಂತು. ಆಮೇಲೆ ಕೇಳಿದರು, ಇದನ್ನ ಅವನು ಎಲ್ಲಾದರೂ ನೋಡಿದ್ದಾನಾ ಅಂತ. ಇಲ್ಲ ಮೇಡಂ, ಐದು ವರ್ಷ ತುಂಬೋ ಮೊದಲೇ ಅವರಪ್ಪ ತೀರಿಕೊಂಡ, ಅವನಿಗೆ ಏನೂ ನೆನಪಿಲ್ಲ ಅಂದೆ. ಅವರು ನನ್ನ ಮುಖ ನೋಡಿ, ಹಾಗಾದರೆ ನಿಮಗೆ ನೆನಪಿರೋದನ್ನ ಅವನಿಗೆ ಹೇಳಿ, ಈಗಲೇ ಹೇಳಿ ಅಂದರು.

ಮನೆಗೆ ಬಂದರೆ ನಮ್ಮ ದೊರೆ ಅನ್ನ ಮುಟ್ಟದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಾನೇನು ಹೊಡೆದ್ನಾ ತಾತಾ, ಕೈ ಹಿಡಿದೆ ಅಷ್ಟೆ, ಪ್ರೀತಿ ಇಲ್ಲದಿದ್ದರೆ ಎಲ್ಲಿದ್ದೀಯ ಅಂತ ಕೇಳ್ತಾನೇ ಇರಲಿಲ್ಲ ಅಂದ. ಅಯ್ಯೋ ಪುಟ್ಟೀ, ಇದೇ ಮಾತನ್ನ ಇದೇ ನಡುಮನೆಯಲ್ಲಿ ನಿಂತು ನಿನ್ನ ಗಂಡ ಹೇಳಿರಲಿಲ್ವಾ? ನಿನ್ನ ಕೈಗೆ ಪ್ಲಾಸ್ಟರ್ ಹಾಕಿಸಿದ ಮಾರನೇ ವಾರ? ಕೈ ಹಿಡಿದೆ ಅಷ್ಟೆ ಮಾವ ಅಂದಿದ್ದ. ಹಿಡಿದ ಕೈ ಮುರಿಯುತ್ತಾ ಅಂತ ನಾನು ಕೇಳಲಿಲ್ಲ. ಗಂಡ ಹೆಂಡತಿ ಅಂದಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ ಅಂತ ನಿನಗೇ ಬುದ್ಧಿ ಹೇಳಿದೆ. ಆಗ ನಾನು ಓಡಿಸ್ತಿದ್ದ ಲೈನ್ ಬಸ್ಸು ಅವನ ಮನೆ ಮುಂದೇ ಹಾದು ಹೋಗ್ತಿತ್ತು. ಮಗು ಕಂಕುಳಲ್ಲಿ, ಪ್ಲಾಸ್ಟರ್ ಕೈಯಲ್ಲಿ ನಿನ್ನನ್ನ ನಾನೇ ಹತ್ತಿಸಿಕೊಂಡು ಹೋಗಿ ನಾನೇ ಇಳಿಸಿ ಬಂದೆ. ನೀನು ಇಳಿದು ತಿರುಗಿ ನೋಡಿದೆಯಂತೆ. ಅಪ್ಪ ಒಂದು ಸಲ ನನ್ನ ಕಡೆ ನೋಡಿದ್ದರೆ ಮತ್ತೆ ಹತ್ತಿಬಿಡ್ತಿದ್ದೆ ಅಂತ ನಿಮ್ಮಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದೆಯಂತೆ. ಅವಳು ಬಂದು ಕೇಳಿದಾಗ, ರಸ್ತೆ ಕಡೆ ಗಮನ ಇತ್ತು ಕಣೇ, ನಾನು ನೋಡಲಿಲ್ಲ ಅಂದಿದ್ದೆ.

ನಿನ್ನ ಗಂಡ ಸತ್ತ ಮೇಲೆ, ಹೋದವರ ಬಗ್ಗೆ ಮಗುವಿಗೆ ಕೆಟ್ಟದ್ದು ಯಾಕೆ ತುಂಬಬೇಕು ಅಂತ, ಅಮ್ಮ ಮೆಟ್ಟಿಲಿಂದ ಜಾರಿಬಿದ್ದು ಕೈ ಮುರಿದುಕೊಂಡಳು ಅಂತ ಹೇಳಿಕೊಟ್ಟವನೂ ನಾನೇ. ನಿನ್ನನ್ನ ಕೇಳಲೂ ಇಲ್ಲ. ನಿನ್ನ ಮಗ ಗೋಡೆ ಮೇಲಿರೋ ಅವರಪ್ಪನ ಫೋಟೋ ಮುಂದೆ ನಿಂತು ತಲೆ ಬಾಚಿಕೊಳ್ತಾನೆ. ಅಪ್ಪ ಇದ್ದಿದ್ದರೆ ನನ್ನನ್ನ ಹೀಗೆ ರೋಡಲ್ಲಿ ಇಳಿಸ್ತಿರಲಿಲ್ಲ ಅಂದ ಮೊನ್ನೆ.

ಈ ಕಾಗದ ಅವನೇ ತರ್ತಿದ್ದಾನೆ. ಲಕೋಟೆ ಅಂಟಿಸಿಯೇ ಕೊಡ್ತೀನಿ, ಅವನು ಓದಿರೋದಿಲ್ಲ. ನೀನು ಓದೋವಾಗ ನಿನ್ನ ಎದುರಿಗೇ ಕೂತಿರ್ತಾನೆ. ಮೊದಲು ಹೊಟ್ಟೆಗೆ ಏನಾದರೂ ಹಾಕು, ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಆಮೇಲೆ ಆ ಕೈ ತೋರಿಸಿ ನಡೆದದ್ದು ನಡೆದ ಹಾಗೇ ಹೇಳು. ಹೇಳೋಕೆ ನಿನಗೆ ಮನಸ್ಸು ಬರದಿದ್ದರೆ ಒತ್ತಾಯ ಇಲ್ಲ, ನಿನ್ನ ನೋವು ನಿನ್ನದು. ಹೂಂ ಅಂತ ಒಂದು ಮಾತು ಕಳಿಸು, ನಾನೇ ಹೇಳ್ತೀನಿ. ಅವನು ಕೆಟ್ಟ ಹುಡುಗ ಅಲ್ಲ ಅಂತ ಬರೆಯೋಕೆ ಕೈ ಬರ್ತಿದೆ, ಆದರೆ ನಿನ್ನ ಗಂಡನ ಬಗ್ಗೆಯೂ ನಾನು ಅದನ್ನೇ ಹೇಳ್ತಿದ್ದೆ. ಅದಕ್ಕೇ ಬರೆಯಲ್ಲ. ಹುಡುಗಿ ಈಗ ತನಗೆ ಬೇಕಾದ ಕಡೆ ಕೂರ್ತಾಳೆ. ನಿನ್ನೆ ನನ್ನ ಹಿಂದಿನ ಸೀಟಲ್ಲೇ ಇದ್ದಳು. ಸ್ಕೂಲು ಬರೋವರೆಗೂ ಒಂದು ಮಾತಾಡಲಿಲ್ಲ. ಗಿಲಕಿ ಅಂತ ಕರೆಯೋಕೆ ನನಗೂ ಬಾಯಿ ಬರಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು, ಕೈಗೆ ಉಣ್ಣೆ ಪಟ್ಟಿ ಕಟ್ಟಿಕೋ. ನೀನು ನೂರು ಕಾಲ ತಣ್ಣಗಿರು ತಾಯಿ.

ಇಂತಿ,
ನಿನ್ನ ಅಪ್ಪ

ಮತ್ತೆ: ಅವನು ಶೂ ಲೇಸ್ ಕಟ್ಟಿಕೊಳ್ತಿದ್ದಾನೆ, ಬಸ್ಸಿಗೆ ಹೊತ್ತಾಯ್ತು ಅಂತಿದ್ದಾನೆ. ಲಕೋಟೆ ಬಿಚ್ಚಿ ಇದೊಂದು ಸೇರಿಸ್ತಿದ್ದೀನಿ. ಮೇಲೆ ಬರೆದದ್ದರಲ್ಲೂ ಇದನ್ನ ನುಂಗಿಕೊಂಡೆ. ಅವತ್ತು ನೀನು ಇಳಿದು ತಿರುಗಿ ನಿಂತಾಗ, ನಾನು ನೋಡಿದ್ದೆ ಪುಟ್ಟೀ. ಕನ್ನಡಿಯಲ್ಲಿ ನಿನ್ನ ಮುಖ ಪೂರ್ತಿ ಕಾಣ್ತಿತ್ತು. ನೋಡಿಯೇ ಗೇರ್ ಹಾಕಿದೆ.